ಆರೂವರೆ ಲೀಟರಿನ ರಾಜ್ಯ

'ದಿ ಲೆಜೆಂಡ್ ಆಫ್ ಜೆಲ್ಡಾ' ಎಂಬ ಜಪಾನಿನ ವಿಡಿಯೊ ಗೇಮ್ 1987ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಾಗ ಅದರ ಕ್ಯಾಸೆಟ್ಟಿನೊಳಗೆ ಇದ್ದದ್ದು 128 ಕಿಲೋಬೈಟ್. ಕಾಡು, ಬೆಟ್ಟ, ಮರುಭೂಮಿ, ಒಂಬತ್ತು ನೆಲಮಾಳಿಗೆ, ರಾಕ್ಷಸರು, ಸೆರೆಯಾದ ರಾಜಕುಮಾರಿ, ಇವರೆಲ್ಲರಿಗೂ ಹಿನ್ನೆಲೆ ಸಂಗೀತ, ಎಲ್ಲ ಸೇರಿ ಅಷ್ಟೇ. ಆ ಗೇಮು ಈಗ ಸಿನಿಮಾ ಆಗುತ್ತಿದೆ. ನಿಂಟೆಂಡೊ ಮತ್ತು ಸೋನಿ ಕೈಜೋಡಿಸಿವೆ, ನಿರ್ದೇಶಕ ವೆಸ್ ಬಾಲ್, ತೆರೆಗೆ ಬರುವುದು 2027ಕ್ಕೆ. ಪಾತ್ರಧಾರಿಗಳ ಹೆಸರು ಹೊರಬಿದ್ದಾಯಿತು. ಆದರೂ ಅಭಿಮಾನಿಗಳ ತಲೆ ತಿನ್ನುತ್ತಿರುವ ಪ್ರಶ್ನೆ ಒಂದೇ: ಹಳೇ ಧಾಟಿ ಇರುತ್ತೋ, ಇಲ್ಲವೋ?

ಈ ಆತಂಕ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ, ಅದು ಹುಟ್ಟಿದ ಜಾಗ ಎಷ್ಟು ಚಿಕ್ಕದು ಎಂದು ಮೊದಲು ನೋಡಬೇಕು. ಒಂದು ಬೈಟ್ ಎಂದರೆ ಒಂದು ಹನಿ ನೀರು ಎಂದಿಟ್ಟುಕೊಳ್ಳಿ. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ. ಹನಿಯ ಲೆಕ್ಕವನ್ನು ಬರ ಕಂಡ ಜಗಳೂರಿನ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಜೆಲ್ಡಾದ ಇಡೀ ರಾಜ್ಯ ಆರೂವರೆ ಲೀಟರ್. ಅರ್ಧ ಕೊಡಕ್ಕಿಂತ ತುಸು ಜಾಸ್ತಿ. ಅದೇ ನಿಂಟೆಂಡೊ ಕಂಪನಿಯ 'ಸೂಪರ್ ಮಾರಿಯೊ' 40 ಕಿಲೋಬೈಟ್, ಅಂದರೆ ಎರಡು ಲೀಟರಿನ ಒಂದು ಬಾಟಲಿ. ಈಗ ಚಿತ್ರಮಂದಿರಕ್ಕೆ ಬರುವ ಡಿಜಿಟಲ್ ಸಿನಿಮಾ ನೋಡೋಣ. ಚಿತ್ರಭಾಗಕ್ಕೆ ಸೆಕೆಂಡಿಗೆ 250 ಮೆಗಾಬಿಟ್ ತನಕ ಮಾಮೂಲಿ ಮಿತಿ. ಎರಡು ಗಂಟೆಯ ಸಿನಿಮಾ ಆ ಮಿತಿಯನ್ನು ಪೂರ್ತಿ ಬಳಸಿಕೊಂಡರೆ 225 ಗಿಗಾಬೈಟ್. ಹನಿ ಲೆಕ್ಕದಲ್ಲಿ ಇದು ಒಂದು ಕೋಟಿ ಹನ್ನೆರಡೂವರೆ ಲಕ್ಷ ಲೀಟರ್. ಚನ್ನಗಿರಿಯ ಕಡೆಯ ಎರಡೂಮುಕ್ಕಾಲು ಎಕರೆ ಅಡಿಕೆ ತೋಟದಲ್ಲಿ ಒಂದು ಮೀಟರ್ ನೀರು ನಿಂತ ಹಾಗೆ. ಇನ್ನು ತಾಲ್ಲೂಕಿನ ಸೂಳೆಕೆರೆ, ಸುಮಾರು ಆರೂವರೆ ಸಾವಿರ ಎಕರೆ ನೀರು ಹರಡುವ ಶಾಂತಿಸಾಗರ. ಅಷ್ಟಗಲಕ್ಕೂ ಒಂದು ಮೀಟರ್ ನೀರು ನಿಲ್ಲಿಸಲು ಇಂಥ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಸಿನಿಮಾ ಬೇಕು. ಇಂಥ ಒಂದು ಸಿನಿಮಾದ ಎದುರಿಗೆ ನಿಂತಿರುವುದು ಬರೀ ಆರೂವರೆ ಲೀಟರಿನ ನೆನಪು.

ಇದು ಚಿತ್ರದ ಮಾತು. ಧ್ವನಿಯ ಲೆಕ್ಕ ಇನ್ನೂ ವಿಚಿತ್ರ. ಚಿತ್ರಮಂದಿರದ ಧ್ವನಿಯ ಒಂದು ಟ್ರ್ಯಾಕ್ ಸೆಕೆಂಡಿಗೆ 48,000 ಸಲ ಅಳೆಯಲ್ಪಡುತ್ತದೆ, ಪ್ರತಿ ಅಳತೆಗೆ 3 ಬೈಟ್. ಸೆಕೆಂಡಿಗೆ 1,44,000 ಬೈಟ್ ಆಯಿತು. ಜೆಲ್ಡಾ ಗೇಮನ್ನು ಇಡಿಯಾಗಿ ಆ ಒಂದು ಟ್ರ್ಯಾಕಿಗೆ ಸುರಿದರೆ ಒಂದು ಸೆಕೆಂಡಿನೊಳಗೆ ಖಾಲಿ. ಮಾರಿಯೊ ಕಾಲು ಸೆಕೆಂಡಿಗೆ ಸ್ವಲ್ಪ ಮೇಲೆ. ಡಾಲ್ಬಿ ಅಟ್ಮಾಸ್ ಇರುವ ಹಾಲಿನಲ್ಲಿ ಏಕಕಾಲಕ್ಕೆ 128 ಟ್ರ್ಯಾಕ್ ಓಡಬಹುದು. 128 ಕಿಲೋಬೈಟಿನ ಗೇಮು, 128 ಟ್ರ್ಯಾಕಿನ ಹಾಲು: ತಲಾ ಒಂದು ಕಿಲೋಬೈಟ್ ಹಂಚಿ ಬಿಟ್ಟರೆ ಸೆಕೆಂಡಿನ ಸಾವಿರ ಪಾಲಿನಲ್ಲಿ ಏಳು ಪಾಲಿಗೆ ಎಲ್ಲ ಮುಗಿಯಿತು. ಅಷ್ಟರಲ್ಲಿ ಸ್ಪೀಕರಿನಿಂದ ಹೊರಟ ಶಬ್ದ ಎಂಟು ಅಡಿ ದಾಟಿರುತ್ತದೆ, ಅಷ್ಟೇ. ರಾಜಕುಮಾರಿಯೂ ರಾಕ್ಷಸರೂ ಒಂಬತ್ತು ನೆಲಮಾಳಿಗೆಯೂ ನಡುಸಾಲಿನ ಪ್ರೇಕ್ಷಕನ ಕಿವಿಗೆ ಬೀಳುವ ಮುಂಚೆಯೇ ಮುಗಿದು ಹೋಗಿರುತ್ತವೆ.

ಇಷ್ಟು ಕಿರಿದಾದ ಜಾಗದಲ್ಲಿ ಸಂಗೀತ ಹಿಡಿದದ್ದು ಹೇಗೆ? ಆ ಕ್ಯಾಸೆಟ್ಟಿನಲ್ಲಿ ಹಾಡನ್ನು ರೆಕಾರ್ಡ್ ಮಾಡಿ ಇಡುತ್ತಿರಲಿಲ್ಲ. 'ಈ ಸ್ವರ, ಇಷ್ಟು ಹೊತ್ತು' ಎಂಬ ಅಪ್ಪಣೆಯನ್ನು ಮಾತ್ರ ಇಡುತ್ತಿದ್ದರು, ಗೇಮ್ ಪೆಟ್ಟಿಗೆಯ ಚಿಪ್ಪೇ ನುಡಿಸಬೇಕು. ಅದಕ್ಕಿದ್ದದ್ದು ಐದು ಬಾಯಿ. ಎರಡು ಚೌಕದಲೆಯವು ಧಾಟಿಗೆ, ಒಂದು ತ್ರಿಕೋನದಲೆಯದು ಮಂದ್ರಕ್ಕೆ, ಒಂದು ಬುಸ್ಸೆನ್ನುವ ಸದ್ದು ತಾಳಕ್ಕೆ, ಇನ್ನೊಂದು ಚೂರುಪಾರು ಧ್ವನಿತುಣುಕಿಗೆ. ಆಟದ ಶಬ್ದಗಳಿಗೂ ಇವೇ. ಹಾಗಾಗಿ ಆಟಗಾರ ಏನಾದರೂ ಹೊಡೆದರೆ, ಹಾರಿದರೆ, ಆ ಸದ್ದಿಗಾಗಿ ಧಾಟಿಯ ಒಂದು ಬಾಯಿ ಕ್ಷಣಕಾಲ ಮುಚ್ಚುತ್ತಿತ್ತು. ಕಿವಿ ಆ ಖಾಲಿ ಜಾಗವನ್ನು ತಾನೇ ತುಂಬಿಕೊಳ್ಳುತ್ತಿತ್ತು. ಕೇಳಿದವನು ಅರ್ಧ ವಾದ್ಯಗಾರನೂ ಆಗಿರುತ್ತಿದ್ದ.

ಆ ಧಾಟಿ ಕಟ್ಟಿದವರು ಕೋಜಿ ಕೊಂಡೊ. ಜೆಲ್ಡಾದ ಆರಂಭಕ್ಕೆ ಫ್ರೆಂಚ್ ಸಂಗೀತಗಾರ ರಾವೆಲ್‌ನ 'ಬೊಲೆರೊ' ಹಾಕಬೇಕೆಂದು ಅವರ ಯೋಜನೆ. ರಾವೆಲ್ ತೀರಿಕೊಂಡದ್ದು 1937ರಲ್ಲಿ, ಜಪಾನಿನಲ್ಲಿ ಆಗ ಹಕ್ಕುಸ್ವಾಮ್ಯ ಐವತ್ತು ವರ್ಷ, ಗೇಮು ಅಲ್ಲಿ ಬರಬೇಕಿದ್ದದ್ದು 1986ರ ಫೆಬ್ರುವರಿಗೆ. ಅವಧಿ ಇನ್ನೂ ಮುಗಿದಿಲ್ಲವೆಂಬುದು ಕೊನೇ ಗಳಿಗೆಯಲ್ಲಿ ಗೊತ್ತಾಯಿತು. ಆಟದೊಳಗಿನ ಬಯಲಿನ ಧಾಟಿಯನ್ನೇ ಎತ್ತಿಕೊಂಡು ಕೊಂಡೊ ರಾತ್ರೋರಾತ್ರಿ ಹೊಸದೊಂದನ್ನು ಜೋಡಿಸಿದರು. ಸುಮಾರು ನಲವತ್ತು ವರ್ಷದಿಂದ ಲಕ್ಷಾಂತರ ಜನ ಗುನುಗುತ್ತಿರುವುದು ಆ ತೇಪೆಯನ್ನೇ.

ಬಯಲಿನ ಧಾಟಿ ಒಂದು ಸುತ್ತು ಮುಗಿಸಲು ಸುಮಾರು ನಲವತ್ತು ಸೆಕೆಂಡು. ಹತ್ತು ಗಂಟೆ ಆಡಿ, ಅದರಲ್ಲಿ ಅರ್ಧ ಬಯಲಿನಲ್ಲೇ ಅಲೆದಿದ್ದರೂ 450 ಸಲ ಕೇಳಿದಂತಾಯಿತು. ಮೆಚ್ಚಿದ ಸಿನಿಮಾದ ಹಾಡನ್ನು ಟಾಕೀಸಿನಲ್ಲಿ 450 ಸಲ ಕೇಳಲು 450 ಟಿಕೆಟ್ ಬೇಕು. 1998ರ ಜೆಲ್ಡಾ ಗೇಮು 'ಒಕರಿನಾ ಆಫ್ ಟೈಮ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಐದು ಗುಂಡಿಗಳಿಂದ ಆಟಗಾರನ ಕೈಯಲ್ಲೇ ಕೊಳಲು ನುಡಿಸಿತು. ಅದರ ಜೆಲ್ಡಾ ಜೋಗುಳದಲ್ಲಿ ಒತ್ತಬೇಕಾದ್ದು ಮೂರೇ ಗುಂಡಿ, ಎರಡು ಸಲ. ಆರು ಒತ್ತಿಗೆ ಬಾಗಿಲು ತೆರೆಯುತ್ತದೆ. ಬೆರಳಿಗೇ ಅಂಟಿದ ಹಾಡಿನ ಮೇಲೆ ಯಾವ ಸಂಗೀತ ನಿರ್ದೇಶಕನಿಗೆ ಏನು ಅಧಿಕಾರ ಉಳಿಯುತ್ತದೆ?

ನಮ್ಮ ಕಡೆ ಜೆಲ್ಡಾ ಬರಲಿಲ್ಲ. ತೊಂಬತ್ತರ ದಶಕದಲ್ಲಿ ಭಾರತದ ಸಣ್ಣ ಊರುಗಳ ಟಿವಿಗೆ ಅಂಟಿಕೊಂಡದ್ದು ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಹೆಸರಿನ ಪೆಟ್ಟಿಗೆಗಳು. ಜೊತೆಗೆ '9999 ಇನ್ 1' ಎಂದು ಬರೆದ ಹಳದಿ ಕ್ಯಾಸೆಟ್ಟು. ಒಳಗೆ ನಿಜಕ್ಕೂ ಬೇರೆ ಬೇರೆ ಇರುತ್ತಿದ್ದದ್ದು ಬೆರಳೆಣಿಕೆಯ ಆಟ, ಉಳಿದದ್ದೆಲ್ಲ ಅವೇ ಮತ್ತೆ ಮತ್ತೆ. ಕನ್ನಡಿಗರು ಕಂಡ ಅತಿ ಉತ್ಸಾಹದ ಅಂಕಿ ಬಹುಶಃ ಇದೇ. ಜೆಲ್ಡಾಕ್ಕೆ ಆಟ ಉಳಿಸಿಡಲು ಕ್ಯಾಸೆಟ್ಟಿನೊಳಗೆ ಬ್ಯಾಟರಿ ಬೇಕು, ಅಗ್ಗದ ಮಾಲಿನಲ್ಲಿ ಅದೆಲ್ಲಿಂದ ಬರಬೇಕು. ಮಾರಿಯೊಗೆ ಆ ಗೊಡವೆ ಇಲ್ಲ, ಹಾಗಾಗಿ ಅವನು ಬಂದ. ಉಳಿಸುವ ಗೊಡವೆ ಇಲ್ಲವೆಂದರೆ ಕರೆಂಟ್ ಹೋದಾಗಲೆಲ್ಲ ಮೊದಲಿಂದ ಶುರು. ಹೊನ್ನಾಳಿಯಲ್ಲಾಗಲಿ, ಆಗಿನ್ನೂ ಹೊನ್ನಾಳಿ ತಾಲ್ಲೂಕಿನೊಳಗೇ ಇದ್ದ ನ್ಯಾಮತಿಯಲ್ಲಾಗಲಿ, ಬೇಸಿಗೆ ರಜೆಯ ಕರೆಂಟಿನ ಕಥೆ ಬಲ್ಲವರಿಗೆ ಮೊದಲ ಹಂತದ ಧಾಟಿ ಎಷ್ಟು ಸಲ ಕಿವಿಗೆ ಬಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆ ಹಂತದ ಗಡಿಯಾರ 400 ಎಂದು ತೋರಿಸುತ್ತದೆ, ನಿಜವಾದ ಸಮಯ 160 ಸೆಕೆಂಡು. ನೂರಕ್ಕೆ ಇಳಿದೊಡನೆ ಸಂಗೀತ ಓಡತೊಡಗುತ್ತದೆ, ಜೊತೆಗೆ ಎದೆಬಡಿತವೂ. ಇವತ್ತಿಗೂ ಆ ಓಟವನ್ನು ನಲವತ್ತರ ಆಸುಪಾಸಿನವರ ಮುಂದೆ ಗುನುಗಿ ನೋಡಿ, ಹೆಬ್ಬೆರಳು ತಾನಾಗಿ ಆಡುತ್ತದೆ.

ಆ ಮಾರಿಯೊ 2023ರಲ್ಲಿ ಸಿನಿಮಾ ಆದ. ಗಳಿಕೆ 136 ಕೋಟಿ ಡಾಲರ್, ಆಗಿನ ರೂಪಾಯಿಯಲ್ಲಿ ಹನ್ನೊಂದು ಸಾವಿರ ಕೋಟಿ. ಅದೇ ವರ್ಷ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮಾರಿಯೊ ಧಾಟಿಯನ್ನು ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿಸಿತು. ಗೇಮ್ ಸಂಗೀತಕ್ಕೆ ಅದು ಮೊದಲ ಸಲ. ಸಿನಿಮಾಕ್ಕೆ ಸಂಗೀತ ಕೊಟ್ಟ ಬ್ರಯಾನ್ ಟೈಲರ್ ಕೊಂಡೊರ ಧಾಟಿಗಳನ್ನು ದೊಡ್ಡ ವಾದ್ಯವೃಂದದಲ್ಲಿ ಹೆಣೆದಿದ್ದರು. ಆದರೂ ಗೊಣಗಾಟ ನಿಲ್ಲಲಿಲ್ಲ. ಎಂಬತ್ತರ ದಶಕದ ಇಂಗ್ಲಿಷ್ ಪಾಪ್ ಹಾಡುಗಳನ್ನು ನಡುನಡುವೆ ತುರುಕಿದ್ದೇಕೆ, ಅಲ್ಲೆಲ್ಲ ಗೇಮಿನದೇ ಧಾಟಿ ಇತ್ತಲ್ಲ ಎಂಬುದು ದೂರು. ದೂರು ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಅರ್ಧ ಕಾಸಿನ ಚಿಪ್ಪಿನಲ್ಲಿ ನಿಂತ ಧಾಟಿಗೆ ಇನ್ನೊಬ್ಬರ ಹಿಟ್ ಹಾಡಿನ ಊರುಗೋಲು ಬೇಕಿರಲಿಲ್ಲ.

ಕನ್ನಡದಲ್ಲಿ ಇದಕ್ಕೆ ಜೋಡಿ ಕಥೆ ಗೇಮಿನದಲ್ಲ, 'ಕಾಂತಾರ'ದ್ದು. 2022ರ ಸೆಪ್ಟೆಂಬರ್ 30ರಂದು ಬಂದ, ಸುಮಾರು 16 ಕೋಟಿಯಲ್ಲಿ ತೆಗೆದು 400 ಕೋಟಿ ಗಳಿಸಿದ ಸಿನಿಮಾ. ಸಂಗೀತ ಚನ್ನಗಿರಿಯ ಪಕ್ಕದ ಭದ್ರಾವತಿಯ ಅಜನೀಶ್ ಲೋಕನಾಥ್ ಅವರದು. ಅದರ 'ವರಾಹ ರೂಪಂ' ಹಾಡು ತಮ್ಮ 'ನವರಸಂ' ಹಾಡಿನಂತಿದೆ ಎಂದು ಕೇರಳದ ಥೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತು, ಚಿತ್ರತಂಡ ಒಪ್ಪಲಿಲ್ಲ. ತಡೆಯಾಜ್ಞೆ ಬಂತು. ನವೆಂಬರ್ 24ರಂದು ಓಟಿಟಿಗೆ ಬಂದಾಗ ಸಾಹಿತ್ಯ ಅದೇ, ಧಾಟಿ ಬೇರೆ. ದೃಶ್ಯ ಅದೇ, ನಟನೆ ಅದೇ, ಪದ ಅದೇ. ಹೊಸ ಧಾಟಿಯೂ ತಾನಾಗಿ ಕೆಟ್ಟದ್ದೇನಲ್ಲ. ಆದರೂ ಅವತ್ತೇ ಶುರುವಾಯಿತು ಜನರ ಆಕ್ಷೇಪ: ಮೈ ಜುಮ್ಮೆನ್ನುತ್ತಿಲ್ಲ, ಹಳೇದು ಕೊಡಿ. ಎಂಟು ವಾರವೂ ತುಂಬದ ಹಾಡಿನ ಮೇಲೆ ಇಷ್ಟು ಹಕ್ಕು. ಕೊನೆಗೆ ಮೂಲ ಧಾಟಿ ಮರಳಿತು. 1986ರಲ್ಲಿ ಹಕ್ಕುಸ್ವಾಮ್ಯ ಒಂದು ಧಾಟಿಯನ್ನು ಹುಟ್ಟಿಸಿತು, 2022ರಲ್ಲಿ ಒಂದನ್ನು ಕೆಲಕಾಲ ಕಿತ್ತುಕೊಂಡಿತು.

ಎಂಟು ವಾರಕ್ಕೇ ಹೀಗಾದರೆ ನಲವತ್ತು ವರ್ಷದ ಧಾಟಿಯಿರುವ ಜೆಲ್ಡಾ ಸಿನಿಮಾಕ್ಕೆ ಸಂಗೀತ ಕೊಡುವವರ ಪಾಡು ಏನಿರಬಹುದು. ಮುಟ್ಟದೆ ಬಿಟ್ಟರೆ ನಕಲು, ಮುಟ್ಟಿದರೆ ದ್ರೋಹ. ಲೆಕ್ಕವೂ ಅವರ ಕಡೆಗಿಲ್ಲ. ಎರಡು ಗಂಟೆಯ ಸಿನಿಮಾದಲ್ಲಿ ಮಾತು, ಕತ್ತಿಯ ಸದ್ದು, ಗಾಳಿ, ಕುದುರೆ ಎಲ್ಲವನ್ನೂ ಬಿಟ್ಟು ಬಯಲಿನ ಧಾಟಿಯೊಂದನ್ನೇ ತಿರುಗಿಸುತ್ತಾ ಕೂತರೂ ಅದು ಬರುವುದು 180 ಸಲ. ಹತ್ತು ಗಂಟೆ ಆಡಿದ ಹುಡುಗನಿಗೆ ಇನ್ನೂ 270 ಸಲ ಬಾಕಿ.