ಬೆಂಕಿ ಬೀಳುವ ಮೊದಲೇ

ಅಕ್ಕಾ, ಬೆಳಿಗ್ಗೆ ಎದ್ದ ಮೇಲೆ ಒಲೆ ಹೊತ್ತಿಸದೆ ನಮ್ಮ ದಿನ ಶುರುವಾಗುತ್ತದೆಯೇ? ಇಲ್ಲ. ಬೆಂಕಿ ಇಲ್ಲದೆ ಅನ್ನ ಇಲ್ಲ, ರೊಟ್ಟಿ ಇಲ್ಲ. ಒಲೆಯೊಳಗೆ ಇರುವ ತನಕ ಬೆಂಕಿ ನಮ್ಮ ಮಾತು ಕೇಳುತ್ತದೆ. ಒಲೆ ದಾಟಿದರೆ ಯಾರ ಮಾತೂ ಕೇಳುವುದಿಲ್ಲ.

ಬೆಂಕಿ ಬಿದ್ದಾಗ ಕೆಂಪು ಗಾಡಿಯಲ್ಲಿ ಓಡಿ ಬರುವವರು ಅಗ್ನಿಶಾಮಕ ದಳದವರು. ನೀರು ಹಾಯಿಸಿ ಆರಿಸುವುದಷ್ಟೇ ಅವರ ಕೆಲಸವಲ್ಲ. ಬೆಂಕಿ ಬೀಳದಂತೆ ಜನರಿಗೆ ತಿಳಿಸಿ ಹೇಳುವುದೂ ಅವರ ಕೆಲಸವೇ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಒಂದು ಹಡಗಿಗೆ ಬೆಂಕಿ ಬಿತ್ತು. ಹಡಗಿನಲ್ಲಿ ಹತ್ತಿಯೂ ಇತ್ತು, ಸಿಡಿಮದ್ದೂ ಇತ್ತು. ಬೆಂಕಿ ಆರಿಸಲು ಹೋದವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟರು. ಅವರ ನೆನಪಿಗಾಗಿ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆಗ ಈ ದಳದವರು ಶಾಲೆಗೆ, ಓಣಿಗೆ ಬಂದು ಬೆಂಕಿಯ ಪಾಠ ಹೇಳುತ್ತಾರೆ. ಆ ಪಾಠವನ್ನು ನಾವೂ ಕಲಿಯೋಣ.

"ಗ್ಯಾಸ್ ವಾಸನೆ ಬಂದ್ರೆ ಏನ್ ಮಾಡ್ಬೇಕು?"

ಗ್ಯಾಸಿಗೆ ಅದರದೇ ವಾಸನೆ ಇಲ್ಲ. ಸೋರಿದರೆ ನಮಗೆ ಗೊತ್ತಾಗಲಿ ಎಂದೇ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಗ್ಯಾಸ್ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡಿ ನಿಲ್ಲುತ್ತದೆ. ಆಗ ಲೈಟಿನ ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಒಂದು ಸಣ್ಣ ಕಿಡಿ ಸಾಕು. ದೇವರ ದೀಪ ಉರಿಯುತ್ತಿದ್ದರೆ ನಂದಿಸಿ. ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು, ಕಿಟಕಿ ತೆರೆಯಿರಿ. ಎಲ್ಲರೂ ಹೊರಗೆ ಬನ್ನಿ. ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ.

"ಬಾಣಲೆ ಎಣ್ಣೆ ಹೊತ್ತಿಕೊಂಡ್ರೆ? ನೀರು ಹಾಕ್ಬೇಕಾ?"

ಬೇಡವೇ ಬೇಡ. ನೀರು ಎಣ್ಣೆಯ ಕೆಳಗೆ ಇಳಿದು ತಟಕ್ಕನೆ ಆವಿಯಾಗುತ್ತದೆ. ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಒಲೆ ಆರಿಸಿ, ಬಾಣಲೆಗೆ ದೊಡ್ಡ ತಟ್ಟೆ ಮುಚ್ಚಿ. ಗಾಳಿ ಸಿಗದಿದ್ದರೆ ಬೆಂಕಿ ಸಾಯುತ್ತದೆ. ಬಾಣಲೆ ಎತ್ತಿಕೊಂಡು ಓಡಬೇಡಿ.

"ಸೀರೆಗೆ ಬೆಂಕಿ ತಗುಲಿದ್ರೆ?"

ಓಡಿದರೆ ಗಾಳಿ ಬೀಸಿ ಉರಿ ಹೆಚ್ಚುತ್ತದೆ. ನಿಂತಲ್ಲೇ ಮಲಗಿ ಹೊರಳಾಡಿ. ಹತ್ತಿರ ಇದ್ದವರು ದಪ್ಪ ಕಂಬಳಿ ಹೊದಿಸಿ. ಆಮೇಲೆ ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಡಿ. ಶಾಯಿ, ಪೇಸ್ಟು, ಸಗಣಿ ಹಚ್ಚಬೇಡಿ. ಗುಳ್ಳೆ ಒಡೆಯಬೇಡಿ. ಬೇಗ ಆಸ್ಪತ್ರೆಗೆ ಹೋಗಿ.

ಅಡಿಗೆ ಮಾಡುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ನೈಲಾನ್ ಸೀರೆಗಿಂತ ಹತ್ತಿ ಸೀರೆ ಒಳ್ಳೆಯದು. ಉರಿಯುವ ಒಲೆಗೆ ಸೀಮೆಎಣ್ಣೆ ಸುರಿಯಬೇಡಿ.

ಇನ್ನೊಂದು ಮಾತು. ಸಿಲಿಂಡರ್ ಬಂದಾಗ ಅದನ್ನೂ ಓದಿ! ಮೇಲಿನ ಹಿಡಿಕೆಯ ಕೆಳಗೆ ಮೂರು ಕಬ್ಬಿಣದ ಪಟ್ಟಿಗಳಿವೆ. ಒಂದರ ಒಳಗಡೆ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಇರುತ್ತವೆ. ಎ ಅಂದರೆ ಮಾರ್ಚ್, ಬಿ ಅಂದರೆ ಜೂನ್, ಸಿ ಅಂದರೆ ಸೆಪ್ಟೆಂಬರ್, ಡಿ ಅಂದರೆ ಡಿಸೆಂಬರ್. ಬಿ 29 ಎಂದಿದ್ದರೆ 2029ರ ಜೂನ್ ಒಳಗೆ ಆ ಸಿಲಿಂಡರಿನ ಪರೀಕ್ಷೆ ಮತ್ತೆ ಆಗಬೇಕು. ಅವಧಿ ಮುಗಿದಿದ್ದರೆ "ಇದು ಬೇಡಪ್ಪಾ, ಬೇರೆ ಕೊಡು" ಎನ್ನಿ. ನಾಲ್ಕೇ ಅಕ್ಷರ. ಮಕ್ಕಳನ್ನು ಕೇಳಿ ಕಲಿತುಬಿಡಿ.

ಬೆಂಕಿ ದೊಡ್ಡದಾದರೆ ಒಡವೆ, ದುಡ್ಡು ತರಲು ಒಳಗೆ ಹೋಗಬೇಡಿ. ಜೀವ ದೊಡ್ಡದು. ಹೊರಗೆ ಬಂದು 101 ಅಥವಾ 112ಕ್ಕೆ ಫೋನ್ ಮಾಡಿ. ಊರು ಯಾವುದು, ಹತ್ತಿರ ಏನಿದೆ, ಉರಿಯುತ್ತಿರುವುದು ಏನು, ಒಳಗೆ ಯಾರಾದರೂ ಇದ್ದಾರಾ ಎಂದು ಹೇಳಿ. ಒಬ್ಬರು ರಸ್ತೆಗೆ ಬಂದು ಗಾಡಿಗೆ ದಾರಿ ತೋರಿಸಿ.

ಈಗ ಸುಣ್ಣದ ಕಡ್ಡಿ ತೆಗೆದುಕೊಳ್ಳಿ. ಅಡಿಗೆ ಮನೆಯ ಬಾಗಿಲ ಮೇಲೆ ದೊಡ್ಡದಾಗಿ ಬರೆಯಿರಿ:

ಬೆಂಕಿ — 101
ಗ್ಯಾಸ್ — 1906

ಯಾರನ್ನೂ ಕೇಳಬೇಕಾಗಿಲ್ಲ. ಈಗ ನಿಮಗೇ ಬರೆಯಲು ಬರುತ್ತದೆ.