ಇಂಗ್ಲಿಷ್ ಅಲಂಕಾರಗಳೂ ನಮ್ಮ ಮನೆಯ ಮಾತೂ

ಮಾಧ್ಯಮಿಕ ತರಗತಿಯ ಮಕ್ಕಳು ಇಂಗ್ಲಿಷ್ ಪದ್ಯಪಾಠದಲ್ಲಿ ಸಿಮಿಲಿ, ಮೆಟಫರ್ ಮೊದಲಾದ ಹೆಸರುಗಳನ್ನು ಕಂಡು ಬೆದರುವುದುಂಟು. ತಾಯ್ತಂದೆಗಳು 'ನಮಗೆ ಇಂಗ್ಲಿಷು ಅಷ್ಟು ಬಾರದು' ಎಂದು ಸುಮ್ಮನಾಗುವರು. ಹಾಗೆ ಕೈಬಿಡಲು ಕಾರಣವಿಲ್ಲವೆಂದು ವಾಚಕಮಹಾಶಯರಲ್ಲಿ ಅರಿಕೆಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುವೆನು. ಉಪಾಧ್ಯಾಯನಾಗಿದ್ದಾಗ, 'ಲೈಕ್ ಎಂಬ ಶಬ್ದವಿದ್ದಲ್ಲಿ ಸಿಮಿಲಿ' ಎಂದು ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೆನು. ಪರೀಕ್ಷೆಯಲ್ಲಿ ಒಬ್ಬ ಹುಡುಗನು 'ಐ ಲೈಕ್ ಮ್ಯಾಂಗೋಸ್' ಎಂಬ ವಾಕ್ಯಕ್ಕೂ ಸಿಮಿಲಿ ಎಂದೇ ಬರೆದನು. ಉಳಿದವರು ನಕ್ಕರು, ಅವನು ಅತ್ತುಬಿಟ್ಟನು. ಪಾಪ, ನಾನು ಹೇಳಿಕೊಟ್ಟುದನ್ನೇ ಅವನು ಬರೆದಿದ್ದನು. ದೋಷವಿದ್ದುದು ನನ್ನ ಸೂತ್ರದಲ್ಲಿ. ಅಂದಿನಿಂದ ಲಕ್ಷ್ಯವನ್ನು ಮೊದಲು ತೋರಿಸಿ, ಲಕ್ಷಣವನ್ನು ಆಮೇಲೆ ಹೇಳತೊಡಗಿದೆನು.

'ಮಗುವಿನ ಮುಖವು ಚಂದ್ರನಂತೆ ತಂಪಾಗಿದೆ' ಎಂಬಲ್ಲಿ ಮುಖವು ಉಪಮೇಯ, ಚಂದ್ರನು ಉಪಮಾನ, ತಂಪು ಸಾಧಾರಣಧರ್ಮ, 'ಅಂತೆ' ಎಂಬುದು ವಾಚಕ. ಇದೇ ಸಿಮಿಲಿ. ಇಂಗ್ಲಿಷಿನಲ್ಲಿ ಲೈಕ್, ಆ್ಯಸ್ ಎಂಬ ಶಬ್ದಗಳು ನಮ್ಮ 'ಅಂತೆ'ಯ ಕೆಲಸವನ್ನು ಮಾಡುತ್ತವೆ. ಆದರೆ ಹೋಲಿಸುವ ವಸ್ತುಗಳು ಭಿನ್ನಜಾತಿಯವಾಗಿರಬೇಕು. 'ಅವಳು ತಾಯಿಯಂತೆ ಹಾಡುವಳು' ಎಂಬುದು ಬರಿಯ ಹೋಲಿಕೆ, ಅಲಂಕಾರವಲ್ಲ.

'ಮುಖವೇ ಚಂದ್ರ' ಎಂದರೆ ನಮ್ಮ ರೂಪಕ, ಇಂಗ್ಲಿಷಿನ ಮೆಟಫರ್. ಗ್ರೀಕ್ ಮೂಲದ ಈ ಶಬ್ದಕ್ಕೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ಎಂದರ್ಥ. ಇಲ್ಲೊಂದು ಸೂಕ್ಷ್ಮವಿದೆ. ಮಗುವನ್ನು ಹೆಸರಿಸದೆ 'ನಮ್ಮ ಮನೆಗೆ ಚಂದ್ರ ಬಂದ' ಎಂದರೆ ನಮ್ಮ ಆಲಂಕಾರಿಕರು ಅದನ್ನು ಅತಿಶಯೋಕ್ತಿಯ ಒಂದು ಭೇದವೆನ್ನುವರು. ಇಂಗ್ಲಿಷಿನವರಿಗೆ ಅದೂ ಮೆಟಫರೇ. ಅವರ ಹೈಪರ್ಬೊಲಿಯು ಕೇವಲ ಉತ್ಪ್ರೇಕ್ಷಿಸಿ ಹೇಳುವ ಮಾತು. 'ನಿನಗೆ ಸಾವಿರ ಸಲ ಹೇಳಿದೆ' ಎನ್ನದ ತಾಯಿಯುಂಟೆ?

'ಒಲೆ ಇಂದು ಮುನಿಸಿಕೊಂಡಿದೆ' ಎಂದು ಜಡವಸ್ತುವಿನಲ್ಲಿ ಮನುಷ್ಯಧರ್ಮವನ್ನು ಆರೋಪಿಸುವುದು ಪರ್ಸಾನಿಫಿಕೇಷನ್. ಆನೊಮ್ಯಾಟೊಪಿಯ ಎಂಬ ಭಯಂಕರನಾಮವು ಧ್ವನಿಯನ್ನು ಅನುಕರಿಸುವ ಶಬ್ದಗಳಿಗೆ ಸಲ್ಲುವುದು. ಪಟಪಟ, ಧಗಧಗ ಎಂಬ ನಮ್ಮ ಅನುಕರಣಾವ್ಯಯಗಳ ಬಂಧುಗಳೇ ಅವು.

ಅಲಿಟರೇಷನ್ ಎಂದರೆ ಹತ್ತಿರದ ಪದಗಳ ಆದಿಯಲ್ಲಿ ಒಂದೇ ಧ್ವನಿಯು ಮರಳಿ ಬರುವುದು. ಇಲ್ಲಿ ಕಣ್ಣನ್ನಲ್ಲ, ಕಿವಿಯನ್ನು ನಂಬಬೇಕು. ಕ್ಯಾಟ್, ಸಿಟಿ ಎಂಬುವು ಬರವಣಿಗೆಯಲ್ಲಿ ಒಂದೇ ಅಕ್ಷರದಿಂದ ಮೊದಲಾದರೂ ಪ್ರಾಸವಾಗವು; ಕ್ಯಾಟ್, ಕೈಟ್ ಎಂಬುವು ಬೇರೆ ಅಕ್ಷರಗಳಿಂದ ಮೊದಲಾದರೂ ಆಗುವುವು. ಬೇವುಲ್ಫ್ ಮೊದಲಾದ ಪ್ರಾಚೀನ ಇಂಗ್ಲಿಷ್ ಕಾವ್ಯಗಳು ಈ ಪದಾದಿ ಪ್ರಾಸದ ಮೇಲೆಯೇ ನಿಂತಿವೆ. ನಮ್ಮ ಹಳೆಯ ಕವಿಗಳು ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನಿಟ್ಟರು.

ಪರಭಾಷೆಯ ಅಲಂಕಾರಶಾಸ್ತ್ರವನ್ನು ಮನೆಗೆ ಬರಮಾಡಿಕೊಳ್ಳುವುದು ನಮಗೆ ಹೊಸದಲ್ಲ. 9ನೆಯ ಶತಮಾನದ 'ಕವಿರಾಜಮಾರ್ಗ'ವು ದಂಡಿಯ 'ಕಾವ್ಯಾದರ್ಶ'ವನ್ನು ಬಹುಮಟ್ಟಿಗೆ ಅನುಸರಿಸಿಯೂ ಕನ್ನಡದ ಮಾತನ್ನೇ ಆಡಿತು. ನಾವೂ ಹಾಗೆಯೇ ಮಾಡೋಣ. ಮಗುವು ಪುಸ್ತಕ ಹಿಡಿದು ಬಂದಾಗ ಹೆಸರನ್ನು ಕೇಳಬೇಡಿರಿ. 'ಕವಿಯು ಯಾವುದನ್ನು ಯಾವುದಕ್ಕೆ ಹೋಲಿಸಿದನು? ಏಕೆ?' ಎಂದು ಕನ್ನಡದಲ್ಲಿಯೇ ಕೇಳಿರಿ. ಅರ್ಥವು ಮನಸ್ಸಿಗೆ ಹತ್ತಿದ ಮೇಲೆ ಹೆಸರು ತಾನಾಗಿ ನಾಲಿಗೆಗೆ ಬರುವುದು. ಅಳುವ ಪ್ರಸಂಗವೂ ಇರದು.