ಮನೆಗೆ ಬರುವ ತರಂಗ

ಕಾಳಿ ನದಿಯು ಅರಬ್ಬೀ ಸಮುದ್ರವನ್ನು ಸೇರುವೆಡೆ, ಉತ್ತರ ದಂಡೆಯ ಮೇಲೆ ಸದಾಶಿವಗಡದ ಗುಡ್ಡವಿದೆ. ಸೋಂದೆಯ ಅರಸರ ಕೋಟೆಯಿದ್ದ ಆ ಎತ್ತರದಿಂದ ನದಿಯೂ ಕಡಲೂ ನಿಚ್ಚಳವಾಗಿ ಕಾಣುತ್ತವೆ. ಅಂತರ್ಜಾಲವನ್ನು ಹೊತ್ತು ತರುವ ರೇಡಿಯೋ ತರಂಗಕ್ಕೂ ಅಂಥದೇ ನಿಚ್ಚಳವಾದ ದಾರಿ ಬೇಕು. ಗುಡ್ಡದ ಮರೆಯ ಮನೆಗಳಿಗೆ ಅದು ಕ್ಷೀಣವಾಗಿ ತಲಪುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ, ಮಲೆನಾಡಿನ ಹಲವೆಡೆ ಮಕ್ಕಳು ಪಾಠ ಕೇಳಲು ಸಿಗ್ನಲ್ ಅರಸಿ ಗುಡ್ಡವೇರಬೇಕಾಯಿತು.

ತಂತಿ ಬಾರದ ಮನೆಗೆ ಮೊಬೈಲ್ ರೂಟರ್ ಒಂದು ಆಸರೆ. ಸಿಮ್ ಕಾರ್ಡ್ ಹಾಕಿದ ಈ ಪೆಟ್ಟಿಗೆಯು ಗೋಪುರದ ತರಂಗವನ್ನು ಹಿಡಿದು, ವೈಫೈಯಾಗಿ ಮನೆಯೊಳಗೆ ಹಂಚುತ್ತದೆ. ಆದರೆ ಬಾರದ ತರಂಗವನ್ನು ಅದು ಸೃಷ್ಟಿಸಲಾರದು. ಬಾವಿಯಲ್ಲಿ ನೀರಿಲ್ಲದಿದ್ದರೆ ಕೊಡ ದೊಡ್ಡದಾಗಿದ್ದು ಫಲವೇನು? ಆದುದರಿಂದ ಮೊದಲು ಪರೀಕ್ಷಿಸಬೇಕಾದುದು ಅಂಗಡಿಯ ಪೆಟ್ಟಿಗೆಯನ್ನಲ್ಲ, ಮನೆಯನ್ನು. ಬೇರೆ ಬೇರೆ ಕಂಪನಿಗಳ ಸಿಮ್ ಇರುವ ಮೊಬೈಲುಗಳನ್ನು ಕಿಟಕಿಯಿಂದ ಕಿಟಕಿಗೆ ಒಯ್ದು, ಹಗಲಿನಲ್ಲಿಯೂ ಸಂಜೆಯಲ್ಲಿಯೂ ವೇಗವನ್ನು ಅಳೆಯಬೇಕು.

ತರಂಗಗಳಲ್ಲಿಯೂ ಭೇದವುಂಟು. 900 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 33 ಸೆಂಟಿಮೀಟರ್. 2300 ಮೆಗಾಹರ್ಟ್ಸ್ ತರಂಗದ್ದು ಸುಮಾರು 13. ಉದ್ದನೆಯದು ದೂರ ಸಾಗುತ್ತದೆ, ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತದೆ. ಗಿಡ್ಡನೆಯದರಲ್ಲಿ ಸಾಮಾನ್ಯವಾಗಿ ಹೆಚ್ಚು ಮಾಹಿತಿ ಸಾಗುತ್ತದೆ. ಊರಿನ ಗೋಪುರವು ಬಳಸುವ ಬ್ಯಾಂಡುಗಳನ್ನು ಗ್ರಹಿಸುವ ಶಕ್ತಿ ರೂಟರಿಗಿರಬೇಕು. ಹೊರಗಿನ ಆಂಟೆನಾ ಜೋಡಿಸುವ ಅನುಕೂಲವೂ, ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ನೆರವಾಗುವ ಬ್ಯಾಟರಿಯೂ ಇದ್ದರೆ ಲೇಸು.

ಒಳಕೋಣೆಯ ದುಬಾರಿ ರೂಟರ್ ಮಾಡಲಾರದ ಕೆಲಸವನ್ನು ಸರಿಯಾದ ಕಿಟಕಿಯ ಬಳಿಯಿರುವ ಸಾಧಾರಣ ರೂಟರ್ ಮಾಡಬಲ್ಲದು. ಯಂತ್ರವನ್ನು ಹಣದಿಂದ ಕೊಳ್ಳಬಹುದು. ಆರಿಸುವುದಕ್ಕೆ ವಿವೇಕವೇ ಬೇಕು. ಆ ವಿವೇಕವಿದ್ದಲ್ಲಿ, ಗುಡ್ಡವೇರುತ್ತಿದ್ದ ಮಗು ಮನೆಯಲ್ಲಿಯೇ ಕುಳಿತು ಪಾಠ ಕೇಳಬಹುದು.